ಬೆಣೆ ಹಾಕುವ ಮುನ್ನ: ಒಂದು ಪಿಯಾನೊ ಸೌಂಡ್‌ಬೋರ್ಡಿನ ತೇವದ ಲೆಕ್ಕ

ಪಿಯಾನೊದ ಸೌಂಡ್‌ಬೋರ್ಡ್, ಅಂದರೆ ತಂತಿಗಳ ಹಿಂದೆ ನಿಂತು ಅವುಗಳ ನಾದವನ್ನು ದೊಡ್ಡದು ಮಾಡುವ ಮರದ ಹಲಗೆ, ಸೀಳಿದೆ ಎಂದು ಜನರಿಗೆ ಗೊತ್ತಾಗುವುದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚಿನಲ್ಲಿ. ಒಣ ಹವೆಗೆ ಸೀಳಿತು ಎಂದೇ ಎಲ್ಲರೂ ತಿಳಿಯುತ್ತಾರೆ. ಸೀಳು ಬಾಯಿ ಬಿಡುವುದು ಬೇಸಗೆಯಲ್ಲಿ, ನಿಜ. ಮರಕ್ಕೆ ಪೆಟ್ಟು ಬಿದ್ದಿರುವುದು ಮಾತ್ರ ಅದಕ್ಕೂ ಹಿಂದಿನ ಮಳೆಗಾಲಗಳಲ್ಲಿ. ಇದನ್ನು ಗಮನಿಸದೆ, ಕೈಗೆ ಸಿಕ್ಕ ದಿನ, ಮರ ಯಾವ ತೇವದಲ್ಲಿದೆಯೋ ಅದೇ ತೇವದಲ್ಲಿ ಸೀಳಿಗೆ ಬೆಣೆ, ಅಂದರೆ ಮರದ ಸಣ್ಣ ಪಟ್ಟಿ, ಹೊಡೆದು ಅಂಟಿಸಿದರೆ ಒಂದೆರಡು ವರ್ಷದಲ್ಲಿ ಬೆಣೆಯ ಮಗ್ಗುಲಲ್ಲೇ ಹೊಸ ಸೀಳು ಏಳುತ್ತದೆ. ಹಾಗಾಗಿ ಈ ರಿಪೇರಿಯಲ್ಲಿ ಉಳಿ, ಅಂಟುಗಳಿಗಿಂತ ಮೊದಲು ಬೇಕಾಗುವುದು ತೇವ ಅಳೆಯುವ ಸಾಮಾನು. ಬೆಂಗಳೂರಿನಲ್ಲಿ ಮಾಡಿದ ಒಂದು ಕೆಲಸದ ಅಳತೆಗಳನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿಡುತ್ತಿದ್ದೇವೆ.

ವಾದ್ಯ ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಅಪ್‌ರೈಟ್, ಅಂದರೆ ಹಲಗೆ ನೆಟ್ಟಗೆ ನಿಂತಿರುವ, ಪಿಯಾನೊ. ದಶಕಗಳ ಕಾಲ ಕರಾವಳಿಯ ಮನೆಯೊಂದರಲ್ಲಿದ್ದು ಬೆಂಗಳೂರಿಗೆ ಬಂದು ಎರಡು ವರ್ಷವಾಗಿತ್ತು. ಸೌಂಡ್‌ಬೋರ್ಡ್ ಸ್ಪ್ರೂಸ್ ಮರದ್ದು, ನಡುವೆ 8.5 ಮಿ.ಮೀ. ದಪ್ಪ, ಅಂಚಿನ ಕಡೆ 6 ಮಿ.ಮೀ. ಹಿಂದೆ 11 ರಿಬ್‌ಗಳು, ಅಂದರೆ ಹಲಗೆಗೆ ಅಂಟಿಸಿದ ಮರದ ಅಡ್ಡಪಟ್ಟಿಗಳು. ನಾಲ್ಕು ಸೀಳುಗಳು, ಅತಿ ಉದ್ದದ್ದು 410 ಮಿ.ಮೀ. ಸ್ಪಾರ್ಕ್ ಪ್ಲಗ್ ಸಂದು ನೋಡಲು ಮೆಕ್ಯಾನಿಕ್‌ಗಳು ಇಟ್ಟುಕೊಳ್ಳುವ ಫೀಲರ್ ಗೇಜ್ ಹಾಕಿ ನೋಡಿದಾಗ ಅದರ ಬಾಯಿ 0.45 ಮಿ.ಮೀ. ತಂತಿಗಳನ್ನು ಹೇಗೂ ಬದಲಿಸಬೇಕಿತ್ತು. ತಂತಿ ಇಳಿಸಿ, ಅವುಗಳ ಎಳೆತ ಹೊರುವ ಎರಕದ ಕಬ್ಬಿಣದ ಪ್ಲೇಟ್ ಹೊರತೆಗೆದ ಮೇಲೆ ಹಲಗೆಯ ಮುಂಭಾಗ ಪೂರ್ತಿ ತೆರೆದು ಸಿಕ್ಕಿತು. ತಂತಿಗಳ ಒಟ್ಟು ಎಳೆತ 15ರಿಂದ 20 ಟನ್ ಇರುವುದರಿಂದ ಅದನ್ನು ಒಂದೇ ಸಲಕ್ಕೆ ಇಳಿಸಬಾರದು. ಎಡದಿಂದ ಬಲಕ್ಕೆ ನಾಲ್ಕೈದು ಸುತ್ತಿನಲ್ಲಿ, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು.

ಅಳತೆಗೆ ಹೋಗುವ ಮುನ್ನ ಈ ಹಲಗೆಯ ಸ್ವಭಾವ ಹೇಳಬೇಕು. 80–100 ಮಿ.ಮೀ. ಅಗಲದ ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಿ ಹಲಗೆ ಮಾಡಿರುತ್ತಾರೆ. ಮರದ ಎಳೆ ಒಂದು ದಿಕ್ಕಿಗೆ ಓಡುತ್ತದೆ, ಹಿಂಬದಿಯ ರಿಬ್‌ಗಳು ಅದಕ್ಕೆ ಅಡ್ಡ. ಮರ ತನ್ನ ಎಳೆಯ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅಡ್ಡಕ್ಕೆ ಹಾಗಲ್ಲ. ಸೌಂಡ್‌ಬೋರ್ಡಿಗೆ ಕೊಯ್ಯುವ ರೀತಿಯಲ್ಲಿ, ಅಂದರೆ ಬೆಳವಣಿಗೆಯ ಗೆರೆಗಳು ಹಲಗೆಯ ಮುಖಕ್ಕೆ ನೇರ ನಿಲ್ಲುವಂತೆ ಕೊಯ್ದ ಸಿಟ್ಕಾ ಸ್ಪ್ರೂಸ್, ತೇವ ಶೇ. 1 ಹೆಚ್ಚಿದರೆ ಅಗಲದಲ್ಲಿ ಶೇ. 0.148 ಹಿಗ್ಗುತ್ತದೆ. ಒಂದು ಮೀಟರಿಗೆ ಒಂದೂವರೆ ಮಿ.ಮೀ. ಯುರೋಪಿನ ಸ್ಪ್ರೂಸ್‌ಗೂ ನಾವು ಇದೇ ಲೆಕ್ಕ ಹಿಡಿಯುತ್ತೇವೆ.

ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. ಬಾಗಿಲಿಗಾದರೆ ಅಂಚು ಕೀಸಿ ಜಾಗ ಮಾಡಿಕೊಡಬಹುದು. ಸೌಂಡ್‌ಬೋರ್ಡಿಗೆ ಆ ಜಾಗ ಇಲ್ಲ. ಹಿಂದೆ ರಿಬ್‌ಗಳು ಹಿಡಿದಿವೆ, ಸುತ್ತ ಚೌಕಟ್ಟಿಗೆ ಅಂಟಿದೆ. ಹಿಗ್ಗಲು ಹೊರಟ ಹಲಗೆ ತಂತಿಯ ಕಡೆಗೆ ಉಬ್ಬುತ್ತದೆ. ಈ ಉಬ್ಬನ್ನು ತಯಾರಕರು ಬೇಕೆಂದೇ ಮಾಡುತ್ತಾರೆ: ಹಲಗೆಯನ್ನು ಶೇ. 4–5 ತೇವಕ್ಕೆ ಒಣಗಿಸಿ, ಆ ಸ್ಥಿತಿಯಲ್ಲಿ ರಿಬ್ ಅಂಟಿಸಿ, ಆಮೇಲೆ ಕೋಣೆಯ ಗಾಳಿಗೆ ಬಿಡುವುದು ಒಂದು ಹಳೆಯ ಕ್ರಮ. ಹಲಗೆ ಶೇ. 8ಕ್ಕೆ ಬರುವ ಹೊತ್ತಿಗೆ ಹದವಾಗಿ ಉಬ್ಬಿ ನಿಲ್ಲುತ್ತದೆ. ಯುರೋಪಿನ ಮನೆಗೆ ಈ ಲೆಕ್ಕ ಸರಿ. ನಮ್ಮ ಕರಾವಳಿಯ ಜುಲೈನಲ್ಲಿ ಗಾಳಿಯ ಆರ್ದ್ರತೆ 80 ದಾಟಿ ನಿಂತರೆ ಸ್ಪ್ರೂಸ್ ಶೇ. 15–16 ತೇವಕ್ಕೆ ಹೋಗುತ್ತದೆ. ನಾಲ್ಕೂವರೆಯಿಂದ ಹದಿನೈದಕ್ಕೆ, ಹತ್ತೂವರೆ ಅಂಕ. ಅಗಲದಲ್ಲಿ ಶೇ. 1.55 ಹಿಗ್ಗಬೇಕಾದ ಮರಕ್ಕೆ ಜಾಗವೇ ಇಲ್ಲ. ಸ್ಪ್ರೂಸ್ ಅನ್ನು ಅಡ್ಡಕ್ಕೆ ಶೇ. 1ರ ಆಸುಪಾಸು ಒತ್ತಿದರೆ ಅದರ ಕೋಶಗಳು ಜಜ್ಜಿಹೋಗುತ್ತವೆ, ಒತ್ತಡ ಬಿಟ್ಟರೂ ಮೊದಲಿನ ಅಗಲಕ್ಕೆ ಬರುವುದಿಲ್ಲ. ಹೀಗೆ ಜಜ್ಜಿ ಕಿರಿದಾದ ಹಲಗೆ ಒಣ ಹವೆಗೆ ಬಂದಾಗ ಸಂಕುಚಿಸುತ್ತದೆ, ರಿಬ್‌ಗಳು ಬಿಡುವುದಿಲ್ಲ, ಎಲ್ಲಿ ದುರ್ಬಲವೋ ಅಲ್ಲಿ ಬಾಯಿ ಬಿಡುತ್ತದೆ.

ಈ ಹಲಗೆಯಲ್ಲಿ ಅದರ ಗುರುತು ಕಣ್ಣಿಗೇ ಕಾಣುತ್ತಿತ್ತು. ಟಾರ್ಚನ್ನು ಹಲಗೆಗೆ ತಾಗುವಂತೆ ಮಲಗಿಸಿ ಹಿಡಿದರೆ ಎಳೆಯ ಉದ್ದಕ್ಕೂ ಕೂದಲೆಳೆಯಂಥ ಏಣುಗಳು, ಬೆರಳಾಡಿಸಿದರೆ ಉಗುರಿಗೆ ತಗಲುವಷ್ಟು. ಮರ ಒತ್ತಿಸಿಕೊಂಡು ಮೇಲಕ್ಕೆ ಮಡಿಚಿಕೊಂಡ ಜಾಗಗಳವು. ನಾಲ್ಕು ಸೀಳುಗಳಲ್ಲಿ ಮೂರು ಇಂಥ ಏಣುಗಳ ಮಗ್ಗುಲಲ್ಲೇ ಇದ್ದವು.

ಅಳತೆ ಶುರುವಾಗುವುದು ಆರ್ದ್ರತಾ ಮಾಪಕವನ್ನು ಪರೀಕ್ಷಿಸುವುದರಿಂದ. ಅಂಗಡಿಯ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಐದಾರು ಅಂಕ ತಪ್ಪು ತೋರಿಸುವುದು ಮಾಮೂಲು. ಇದಕ್ಕೆ ಉಪ್ಪಿನ ಪರೀಕ್ಷೆ ಸಾಕು. ಬಾಟಲಿ ಮುಚ್ಚಳದ ತುಂಬ ಅಡುಗೆ ಉಪ್ಪು, ಅದಕ್ಕೆ ನಾಲ್ಕೈದು ಹನಿ ನೀರು. ಉಪ್ಪು ಕರಗಿಬಿಡಬಾರದು, ಒದ್ದೆ ಮರಳಿನಂತಿರಬೇಕು. ಮುಚ್ಚಳವನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು 12 ಗಂಟೆ ಬಿಟ್ಟರೆ ಒಳಗಿನ ಆರ್ದ್ರತೆ 75ಕ್ಕೆ ಬಂದು ನಿಲ್ಲುತ್ತದೆ. ನಮ್ಮದು 79 ತೋರಿಸಿತು, ಹಾಗಾಗಿ ಮುಂದಿನ ಎಲ್ಲ ಓದಿನಿಂದಲೂ 4 ಕಳೆದೆವು. ಒಣ ಕಡೆಯಲ್ಲೂ ನೋಡಬೇಕೆಂದರೆ ಮೆಗ್ನೀಸಿಯಂ ಕ್ಲೋರೈಡ್ ಬಳಸಬಹುದು, ಅದು 33ರಲ್ಲಿ ನಿಲ್ಲುತ್ತದೆ.

ಕಾರ್ಯಾಗಾರದಲ್ಲಿ ಆ ದಿನ 27 ಡಿಗ್ರಿ ಸೆಲ್ಸಿಯಸ್, ತಿದ್ದಿದ ಆರ್ದ್ರತೆ 46. ಇಂಥ ಗಾಳಿಯಲ್ಲಿ ಸಾಕಷ್ಟು ದಿನ ಬಿಟ್ಟ ಮರ ಶೇ. 8.5ರ ಹತ್ತಿರ ನಿಲ್ಲಬೇಕು. ಗಾಳಿ ಮತ್ತು ಮರದ ಈ ಸಂಬಂಧ ನೆನಪಿನಲ್ಲಿರಬೇಕಾದದ್ದು: ಆರ್ದ್ರತೆ 30 ಇದ್ದರೆ ಮರ 6, 40 ಇದ್ದರೆ 7.6, 50 ಇದ್ದರೆ 9, 60ಕ್ಕೆ 10.8, 70ಕ್ಕೆ 13, 80ಕ್ಕೆ ಸುಮಾರು 15.7. ನಮ್ಮ ಕೋಣೆಯ ಉಷ್ಣತೆಗೆ ಇವು ಸರಿಯಾಗಿ ಕೂರುತ್ತವೆ. 60ರಿಂದ ಮೇಲೆ ಏರಿಕೆ ಎಷ್ಟು ಕಡಿದಾಗುತ್ತದೆ ನೋಡಿ. ನಮ್ಮ ಪಿಯಾನೊಗಳ ಗೋಳೆಲ್ಲ ಆ ಏರಿಕೆಯಲ್ಲಿದೆ.

ಮೊದಲ ಸುತ್ತು ಪಿನ್ ಮೀಟರಿನಲ್ಲಿ, ಅಂದರೆ ಮರಕ್ಕೆ ಎರಡು ಪಿನ್ ಚುಚ್ಚಿ ತೇವ ಓದುವ ಮೀಟರಿನಲ್ಲಿ, ಪಿಯಾನೊದ ಹಿಂಭಾಗದಿಂದ. ಮುಂಭಾಗದ ವಾರ್ನಿಶ್ ಮೇಲೆ ಪಿನ್ ಚುಚ್ಚಿ ತೂತು ಮಾಡುವುದು ಸಲ್ಲ. ಒಂಬತ್ತು ಜಾಗ ಆರಿಸಿದೆವು: ಟ್ರೆಬಲ್ (ಎತ್ತರದ ಸ್ವರಗಳ) ಕಡೆ ಮೂರು, ನಡುವೆ ಮೂರು, ಬೇಸ್ (ತಗ್ಗಿನ ಸ್ವರಗಳ) ಮೂಲೆಯಲ್ಲಿ ಮೂರು. ಪ್ರತಿಯೊಂದೂ ರಿಬ್‌ನಿಂದ ಎರಡು ಬೆರಳು ದೂರ. ಎರಡೂ ಪಿನ್ ಎಳೆಯ ದಿಕ್ಕಿನಲ್ಲೇ ಇರಬೇಕು, ಆಳ 3 ಮಿ.ಮೀ. ದಾಟಬಾರದು. ಬಂದ ಅಂಕಗಳು 11.5ರಿಂದ 14. ಗಾಳಿ ಎಂಟೂವರೆ ಎನ್ನುತ್ತಿದೆ, ಮೀಟರ್ ಹದಿನಾಲ್ಕು ಎನ್ನುತ್ತಿದೆ.

ಇಲ್ಲಿ ಮೀಟರನ್ನು ನಂಬಿದ್ದರೆ ಇಡೀ ಕೆಲಸ ಕೆಡುತ್ತಿತ್ತು. ಪಿನ್ ಮೀಟರ್ ತೇವವನ್ನು ನೇರವಾಗಿ ಅಳೆಯುವುದಿಲ್ಲ, ಎರಡು ಪಿನ್ನುಗಳ ನಡುವಿನ ವಿದ್ಯುತ್ ರೋಧವನ್ನು ಅಳೆಯುತ್ತದೆ. ಹೆಚ್ಚಿನ ಮೀಟರುಗಳಿಗೆ ಮೂಲ ಮಾದರಿಯಾಗಿರುವ ಡಗ್ಲಸ್ ಫರ್ ಮರದಲ್ಲಿ ಶೇ. 7 ತೇವಕ್ಕೆ ಈ ರೋಧ ಸುಮಾರು 22,000 ಮೆಗಾಓಮ್, ಶೇ. 12ಕ್ಕೆ ಬರೀ 120, ಶೇ. 15ಕ್ಕೆ 20ಕ್ಕೂ ಕಡಿಮೆ. ಒಣ ಮರದ ರೋಧ ಇಷ್ಟು ಅಗಾಧವಾಗಿರುವುದರಿಂದ ಬೇರೆ ಯಾವ ಸಣ್ಣ ದಾರಿಯಲ್ಲಿ ಕರೆಂಟು ನುಸುಳಿದರೂ ಮೀಟರ್ ಅದನ್ನೇ ತೇವ ಎಂದು ಓದುತ್ತದೆ. ಕೈ ಬೆವರು, ಪಿನ್ ಬುಡದ ಕೊಳೆ, ಮತ್ತು ಕರಾವಳಿಯಿಂದ ಬಂದ ವಾದ್ಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಉಪ್ಪು. ದಶಕಗಳ ಕಡಲ ಗಾಳಿ ಹಿಂಭಾಗದ ದೂಳಿನಲ್ಲಿ ಉಪ್ಪನ್ನು ಕೂರಿಸಿರುತ್ತದೆ. ಅದು ಮರದ ಮೇಲ್ಪದರಕ್ಕೂ ಇಳಿದಿರುತ್ತದೆ.

ಇಂಥಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಅಳೆಯುವ ತಪ್ಪು ಮಾಡಬಾರದು. ಒರೆಸಿದ ನೀರು ಹೋಗಲು ಎರಡು ದಿನ ಬೇಕು, ಉಪ್ಪು ಇನ್ನೂ ಒಳಗಿಳಿಯುತ್ತದೆ. ಒಣ ಬ್ರಶ್, ವ್ಯಾಕ್ಯೂಮ್, ಅಷ್ಟೇ. ಅಷ್ಟು ಮಾಡಿದ ಮೇಲೂ ಓದು ಒಂದೇ ಅಂಕ ಇಳಿಯಿತು.

ಪಿನ್ ಇಲ್ಲದ, ಮರದ ಮೇಲೆ ಒತ್ತಿ ಹಿಡಿಯುವ ಮೀಟರೂ ಇದೆ. ತೂತು ಮಾಡುವುದಿಲ್ಲ ಎಂದು ಹಲವರು ಅದನ್ನೇ ಮೆಚ್ಚುತ್ತಾರೆ. ಅದರಲ್ಲಿ ನೋಡಬೇಕಾದದ್ದು ಎಷ್ಟು ಆಳ ಓದುತ್ತದೆ ಎಂಬುದು. ಬಡಗಿಗಳಿಗೆಂದು ಮಾರುವ ಹಲವು ಮಾದರಿಗಳು 19 ಮಿ.ಮೀ. ಆಳ ಓದುತ್ತವೆ. ನಮ್ಮ ಹಲಗೆ ಎಂಟೂವರೆ. ಉಳಿದ ಹತ್ತು ಮಿ.ಮೀ.ನಲ್ಲಿ ಗಾಳಿ ಇದ್ದರೆ ಕಡಿಮೆ ತೋರಿಸುತ್ತದೆ, ಹಿಂದೆ ರಿಬ್ ಬಂದರೆ ಇದ್ದಕ್ಕಿದ್ದಂತೆ ಮೂರ್ನಾಲ್ಕು ಅಂಕ ಏರುತ್ತದೆ. 6 ಮಿ.ಮೀ. ಓದುವ ಮಾದರಿ ಬೇಕು, ಅದರಲ್ಲಿ ಮರದ ಸಾಂದ್ರತೆಯನ್ನು ಸ್ಪ್ರೂಸ್‌ಗೆ ತಕ್ಕಂತೆ 0.40ರ ಹತ್ತಿರ ಇಡಬೇಕು. ಇನ್ನೊಂದು ಎಚ್ಚರ: ಉಷ್ಣ ದೇಶಗಳಿಗೆಂದು ವಿಶೇಷವಾಗಿ ಮಾಡಿದ ಹಳೆಯ ಪಿಯಾನೊಗಳಲ್ಲಿ ಅಂಟನ್ನು ನಂಬದೆ ರಿಬ್‌ಗಳಿಗೆ ಹಿತ್ತಾಳೆ ಸ್ಕ್ರೂ ಹಾಕಿರುತ್ತಾರೆ. ಸ್ಕ್ರೂ ಹತ್ತಿರ ಈ ಮೀಟರಿನ ಮಾತು ಕೇಳಬಾರದು. ಒಂದೇ ಹಲಗೆಯಲ್ಲಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಹುಡುಕಲು ಅದು ಒಳ್ಳೆಯ ಸಾಧನ. ಬೇಸ್ ಮೂಲೆಯ ಕೆಳಭಾಗ ಉಳಿದದ್ದಕ್ಕಿಂತ ಒಂದು ಅಂಕ ಹೆಚ್ಚಿದೆ ಎಂದು ತಿಳಿದದ್ದು ಅದರಿಂದಲೇ.

ನಿಜವಾದ ಅಂಕಕ್ಕೆ ತಕ್ಕಡಿಯೇ ದಾರಿ. ಹಾಳಾದ ಬೇರೊಂದು ಪಿಯಾನೊದ ಸೌಂಡ್‌ಬೋರ್ಡಿನಿಂದ ಉಳಿಸಿಟ್ಟ ಸ್ಪ್ರೂಸ್ ಪಟ್ಟಿಯನ್ನು ವಾರ್ನಿಶ್ ಹೆರೆದು ತೆಗೆದು, 8 ಮಿ.ಮೀ. ದಪ್ಪಕ್ಕೆ ಕೀಸಿ, ಎಳೆಯ ಉದ್ದಕ್ಕೆ ಅಕ್ಕಪಕ್ಕದಲ್ಲೇ ಎರಡು ತುಂಡು ಕತ್ತರಿಸಿದೆವು. ತಲಾ 100 × 60 ಮಿ.ಮೀ. ಕತ್ತರಿಸಿದ ಕೂಡಲೇ, ಒಂದೇ ಹೊತ್ತಿನಲ್ಲಿ ಎರಡನ್ನೂ ತೂಗಬೇಕು. ಅಕ್ಕಸಾಲಿಗರು ಬಳಸುವಂಥ 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇದಕ್ಕೆ ಸಾಕು. ಮೊದಲನೆಯದು 20.34 ಗ್ರಾಂ, ಎರಡನೆಯದು 19.87.

ಮೊದಲ ತುಂಡು ಓವನ್ನಿಗೆ. ಉಷ್ಣತೆ 103 ಡಿಗ್ರಿ, ಎರಡು ಡಿಗ್ರಿ ಆಚೀಚೆ. ಅಡುಗೆಮನೆಯ ಓವನ್ನಿನ ಗುಂಡಿಯ ಮೇಲಿನ ಅಂಕವನ್ನು ನಂಬದೆ ಒಳಗೊಂದು ಬೇರೆ ಥರ್ಮಾಮೀಟರ್ ಇಟ್ಟುಕೊಳ್ಳಬೇಕು. ಉಷ್ಣತೆ ಇದಕ್ಕಿಂತ ಏರಿದರೆ ನೀರಿನ ಜೊತೆ ಮರದ ರಾಳದ ಅಂಶವೂ ಹೋಗಿ ಲೆಕ್ಕ ಕೆಡುತ್ತದೆ. ಆರು ಗಂಟೆಯ ನಂತರ ಗಂಟೆಗೊಮ್ಮೆ ತೂಗುತ್ತ ಹೋದೆವು. ತೂಕ ಇಳಿಯುವುದು ನಿಂತಾಗ 18.62 ಗ್ರಾಂ. ಓವನ್ನಿನಿಂದ ತೆಗೆದ ಒಣ ಮರ ಗಾಳಿಯ ತೇವವನ್ನು ಕಣ್ಣೆದುರೇ ಕುಡಿಯುತ್ತದೆ, ತಕ್ಕಡಿಯ ಕೊನೆಯ ಅಂಕ ಏರುವುದು ಕಾಣುತ್ತದೆ. ಅರ್ಧ ನಿಮಿಷದೊಳಗೆ ತೂಗಿ ಮುಗಿಸಬೇಕು. ಹೋದ ನೀರು 1.72 ಗ್ರಾಂ. ಅದನ್ನು ಒಣ ತೂಕವಾದ 18.62ರಿಂದ ಭಾಗಿಸಿದರೆ ಶೇ. 9.24. ಹಸಿ ತೂಕದಿಂದ ಭಾಗಿಸುವವರಿದ್ದಾರೆ, ಅದು ತಪ್ಪು. ಮರದ ಕೆಲಸದಲ್ಲಿ ತೇವದ ಶೇಕಡಾ ಯಾವಾಗಲೂ ಒಣ ತೂಕದ ಮೇಲೆ.

ಎರಡನೆಯ ತುಂಡೂ ಅದೇ ಮರ, ಅದೇ ಹೊತ್ತಿನದು, ಆದ್ದರಿಂದ ಅದರ ತೇವವೂ 9.24. ಒಣ ತೂಕ 19.87 ÷ 1.0924, ಅಂದರೆ 18.19 ಗ್ರಾಂ. ಓವನ್ನಿಗೆ ಹಾಕದೆಯೇ ಇದು ಗೊತ್ತಾಯಿತು. ಇನ್ನು ಮುಂದೆ ಈ ತುಂಡೇ ನಮ್ಮ ಮಾಪಕ. ತೇವ ಶೇ. 1 ಏರಿದರೆ ತೂಕ 0.18 ಗ್ರಾಂ ಏರುತ್ತದೆ. ಬ್ಯಾಟರಿ ಬೇಡ, ಉಪ್ಪಿನಿಂದ ಕೆಡುವುದಿಲ್ಲ, ಮೀಟರ್ ತಡವರಿಸುವ ಶೇ. 6–7ರ ಕೆಳಗೂ ಸುಳ್ಳು ಹೇಳುವುದಿಲ್ಲ.

ಒಂದು ತಿದ್ದುಪಡಿ ಬೇಕಾಯಿತು. ಎಳೆಯ ತುದಿಯಿಂದ ಮರ ಬಹಳ ಬೇಗ ತೇವ ಕುಡಿಯುತ್ತದೆ, ಬಿಡುತ್ತದೆ. ಸೌಂಡ್‌ಬೋರ್ಡಿನ ಎಳೆತುದಿಗಳು ಚೌಕಟ್ಟಿನೊಳಗೆ ಮುಚ್ಚಿಕೊಂಡಿವೆ. ತುಂಡನ್ನು ಹಾಗೇ ನೇತುಹಾಕಿದರೆ ಅದು ಹಲಗೆಗಿಂತ ಮುಂದೆ ಓಡುತ್ತದೆ. ಎರಡೂ ತುದಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿ, ಒಂದು ಮುಖಕ್ಕೆ ವಾರ್ನಿಶ್ ಬಳಿದೆವು. ಬಳಿಯುವ ಮುಂಚೆ, ಒಣಗಿದ ಮೇಲೆ ತೂಗಿ, ಹೆಚ್ಚಾದ ತೂಕವನ್ನು ತುಂಡಿನ ಮೇಲೆಯೇ ಬರೆದಿಟ್ಟೆವು. ಇಲ್ಲಿ ಹೇಳುವ ಅಂಕಗಳೆಲ್ಲ ಅದನ್ನು ಕಳೆದ ಮೇಲಿನವು.

ಪಿಯಾನೊದ ಬೆನ್ನಿಗೆ, ಎರಡು ಕಂಬಗಳ ನಡುವೆ ಈ ತುಂಡನ್ನು ಹತ್ತು ದಿನ ನೇತುಹಾಕಿದೆವು. ಹನ್ನೊಂದನೆಯ ದಿನ 19.75 ಗ್ರಾಂ, ಶೇ. 8.6. ಗಾಳಿಯ ಲೆಕ್ಕದ ಎಂಟೂವರೆಗೆ ಹೊಂದಿತು. ಹಲಗೆಯೂ ಅಷ್ಟೇ ಇದೆಯೇ ಎಂದು ಖಚಿತಪಡಿಸಿಕೊಳ್ಳಲು, ಹೇಗೂ ಅಗಲಿಸಬೇಕಿದ್ದ ದೊಡ್ಡ ಸೀಳಿನ ಕೆಳತುದಿಯಲ್ಲಿ 60 ಮಿ.ಮೀ. ಉದ್ದ ಮಾತ್ರ ಮುಂಚಿತವಾಗಿ ಕಡಿದು ತೋಡು ಮಾಡಿದೆವು. ನೂರು ವರ್ಷದ ಕಂದು ಬಣ್ಣದಡಿಯಿಂದ ಬೆಣ್ಣೆ ಬಣ್ಣದ ಹೊಸ ಮರ ಹೊರಬಂತು, ಅದರಲ್ಲಿ ಇನ್ನೂ ಸ್ಪ್ರೂಸ್‌ನ ವಾಸನೆ ಇತ್ತು. ಉಪ್ಪು ಅಲ್ಲಿಯವರೆಗೆ ಇಳಿದಿರಲಿಲ್ಲ. ತೋಡಿನ ಗೋಡೆಗೆ ಪಿನ್ ಚುಚ್ಚಿದಾಗ 9.3. ಪಿನ್ ಮೀಟರ್ 20–21 ಡಿಗ್ರಿಗೆ ಸರಿಹೊಂದಿಸಿರುತ್ತದೆ, ಮರ ಅದಕ್ಕಿಂತ 11 ಡಿಗ್ರಿ ಬಿಸಿಯಾದರೆ ಸುಮಾರು 1 ಅಂಕ ಹೆಚ್ಚು ಓದುತ್ತದೆ. 27 ಡಿಗ್ರಿಗೆ 0.6 ಕಳೆದರೆ 8.7. ತಕ್ಕಡಿ 8.6, ಪಿನ್ 8.7. ಇನ್ನು ಕೆಲಸಕ್ಕೆ ಇಳಿಯಬಹುದಿತ್ತು. ಆ ತೋಡನ್ನು ಕೊನೆಯವರೆಗೂ ಪಿನ್ ಚುಚ್ಚಲು ಉಳಿಸಿಕೊಂಡೆವು.

ಯಾವ ತೇವದಲ್ಲಿ ಬೆಣೆ ಹಾಕಬೇಕು? ಅಮೆರಿಕದ ರಿಪೇರಿ ಕ್ರಮಗಳಲ್ಲಿ ಹಲಗೆಯನ್ನು ಶೇ. 4–5ರವರೆಗೆ ಒಣಗಿಸಿ ಬೆಣೆ ಹಾಕುವ ರೂಢಿಯಿದೆ. ಚಳಿಗಾಲದಲ್ಲಿ ಹೀಟರ್ ಉರಿಸುವ ಮನೆಯೊಳಗೆ ಆರ್ದ್ರತೆ 20ಕ್ಕೆ ಇಳಿದು ಮರ ನಾಲ್ಕೂವರೆಗೆ ಬರುವ ಊರಿಗೆ ಅದು ಸರಿ. ಷಿಕಾಗೋದಲ್ಲೋ ಮಿನಿಯಾಪೊಲಿಸ್‌ನಲ್ಲೋ ಇರುವ ಕನ್ನಡಿಗರ ಮನೆಯ ಪಿಯಾನೊಗೆ ನಾವೂ ಅದನ್ನೇ ಹೇಳುತ್ತೇವೆ. ಬೆಂಗಳೂರಿಗೆ ಆ ಅಂಕ ತಂದರೆ ಹಲಗೆಗೆ ದ್ರೋಹ. ಇಲ್ಲಿ ಮನೆಯೊಳಗೆ ಮಾರ್ಚಿನ ಸರಾಸರಿ 40–45, ಮರ 7.7ರ ಕೆಳಗೆ ಹೋಗುವುದು ಅಪರೂಪ. ಮಧ್ಯಾಹ್ನ ಎರಡು ಗಂಟೆ ಹೊತ್ತು ಗಾಳಿ 25ಕ್ಕೆ ಇಳಿದರೂ ವಾರ್ನಿಶ್ ಹಾಕಿದ ಎಂಟೂವರೆ ಮಿ.ಮೀ. ಹಲಗೆ ಗಂಟೆಗಳ ಲೆಕ್ಕದಲ್ಲಿ ಅದನ್ನು ಹಿಂಬಾಲಿಸುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಗಾಳಿ 70–75, ಮರ 13. ಶೇ. 4.5ರಲ್ಲಿ ಬೆಣೆ ಹಾಕಿ 13ಕ್ಕೆ ಬಿಟ್ಟರೆ ಎಂಟೂವರೆ ಅಂಕ, ಅಗಲದಲ್ಲಿ ಶೇ. 1.26. ಮತ್ತೆ ಜಜ್ಜುತ್ತದೆ. ಎಂಟೂವರೆಯಲ್ಲೇ ಹಾಕಿದರೆ ಮುಂದಿನ ಮಾರ್ಚಿನಲ್ಲಿ ಬೆಣೆಯ ಅಂಚು ಬಿಡುತ್ತದೆ. ಮನೆ ಕೊಡುವ ಅತಿ ಒಣ ಸ್ಥಿತಿಗಿಂತ ಅರ್ಧ, ಮುಕ್ಕಾಲು ಅಂಕ ಕೆಳಗೆ, ಅಂದರೆ ಶೇ. 7 ಎಂದು ತೀರ್ಮಾನಿಸಿದೆವು. ಇದೇ ಪಿಯಾನೊ ಮಂಗಳೂರಿನಲ್ಲೇ ಉಳಿದಿದ್ದರೆ ಒಂಬತ್ತರ ಹತ್ತಿರ ನಿಲ್ಲಿಸುತ್ತಿದ್ದೆವು.

ಶೇ. 7ಕ್ಕೆ ಗಾಳಿ 37 ಆಗಬೇಕು. ಪಿಯಾನೊದ ಸುತ್ತ ಟಾರ್ಪಾಲಿನಿನ ಡೇರೆ ಕಟ್ಟಿ, ನೆಲದ ಹತ್ತಿರ 60 ವ್ಯಾಟಿನ ಎರಡು ಬಲ್ಬು, ಗಾಳಿ ಆಡಲು ಒಂದು ಕಂಪ್ಯೂಟರ್ ಫ್ಯಾನ್ ಇಟ್ಟೆವು. ಬಲ್ಬಿನಿಂದ ಹಲಗೆಗೆ ಕನಿಷ್ಠ ಒಂದೂವರೆ ಅಡಿ ದೂರ, ನಡುವೆ ಒಂದು ತಗಡಿನ ಮರೆ. ಇಲ್ಲದಿದ್ದರೆ ಎದುರಿಗಿನ ಜಾಗ ಮಾತ್ರ ಒಣಗಿ ಅಲ್ಲೇ ಹೊಸ ಸೀಳು ಬರುತ್ತದೆ. ಆರ್ದ್ರತೆ 37ಕ್ಕೆ ಇಳಿದಾಗ ಬಲ್ಬು ಆರಿಸುವ ಸ್ವಿಚ್ ಒಂದು. ಡೇರೆಯೊಳಗೆ 32–33 ಡಿಗ್ರಿ ನಿಂತಿತು. ಹೊರಗೆ 29 ಡಿಗ್ರಿ, 45 ಆರ್ದ್ರತೆ ಇದ್ದಾಗ ಇಷ್ಟು ಬಿಸಿ ಸಾಕಾಗುತ್ತದೆ. ಜುಲೈನಲ್ಲಿ, ಹೊರಗೆ 25 ಡಿಗ್ರಿ ಮತ್ತು 85 ಇದ್ದಾಗ, ಅದೇ 37ಕ್ಕೆ ಇಳಿಸಲು ಗಾಳಿಯನ್ನು 40 ಡಿಗ್ರಿಗೆ ಕಾಯಿಸಬೇಕು. ಅಷ್ಟು ಬಿಸಿಯಲ್ಲಿ ದಿನಗಟ್ಟಲೆ ಇಟ್ಟರೆ ಹಳೆಯ ಅಂಟು ಸೊರಗುತ್ತದೆ, ತಂತಿಗಳ ಕಂಪನವನ್ನು ಹಲಗೆಗೆ ದಾಟಿಸುವ ಮರದ ಪಟ್ಟಿಯಾದ ಬ್ರಿಡ್ಜ್‌ನಲ್ಲಿ ಪಿನ್ನುಗಳ ಬುಡದಲ್ಲಿ ಮರ ಬಿರಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಈ ಕೆಲಸವನ್ನು ನಾವು ಒಪ್ಪಿಕೊಳ್ಳುವುದಿಲ್ಲ. ಒಪ್ಪಲೇಬೇಕಾದರೆ ಬಲ್ಬಿನ ಬದಲು ಗಾಳಿಯ ತೇವ ತೆಗೆಯುವ ಯಂತ್ರ, ಡಿಹ್ಯೂಮಿಡಿಫೈಯರ್, ಬೇಕು.

ಮೂರನೆಯ ದಿನ ತುಂಡಿನ ತೂಕ 19.60, ಶೇ. 7.75. ಐದನೆಯ ದಿನ 19.52, ಶೇ. 7.3. ಏಳನೆಯ ದಿನ 19.47, ಶೇ. 7.0, ಎಂಟನೆಯ ದಿನವೂ ಅಷ್ಟೇ. ತುಂಡು ಗುರಿ ಮುಟ್ಟಿದೆ ಎಂದು ಹಲಗೆಯೂ ಮುಟ್ಟಿರುವುದಿಲ್ಲ. ಏಳನೆಯ ದಿನ ತೋಡಿನಲ್ಲಿ ಪಿನ್ 8.5 ಓದಿತು, ಉಷ್ಣತೆಗೆ 1.1 ಕಳೆದು 7.4. ರಿಬ್ ಅಂಟಿದ ಜಾಗ, ಬ್ರಿಡ್ಜ್ ಕೆಳಗಿನ ಜಾಗ ನಿಧಾನ. ಒಂಬತ್ತನೆಯ ದಿನ 8.1, ಅಂದರೆ 7.0. ಆಗ ದೊಡ್ಡ ಸೀಳಿನ ಬಾಯಿ 0.45ರಿಂದ 0.70ಕ್ಕೆ ಬಂದಿತ್ತು. ಕಣ್ಣಿಗೆ ಕಾಣದಿದ್ದ ಐದನೆಯ ಸೀಳೊಂದು ಟ್ರೆಬಲ್ ಕಡೆ ಕೂದಲಿನಷ್ಟು ತೆರೆದುಕೊಂಡಿತು. ಒಣಗಿಸದೆ ಹೋಗಿದ್ದರೆ ಅದು ಹಾಗೇ ಉಳಿಯುತ್ತಿತ್ತು.

ಬೆಣೆಯ ಕೆಲಸ ಡೇರೆಯ ಒಂದು ಮಗ್ಗುಲು ಮಾತ್ರ ಎತ್ತಿಕೊಂಡು ಮಾಡಿದ್ದು. ಸೀಳನ್ನು ವಿ ಆಕಾರದ ಉಳಿಯಿಂದ ಮೇಲೆ 4 ಮಿ.ಮೀ. ಅಗಲ, 6 ಮಿ.ಮೀ. ಆಳಕ್ಕೆ ತೆಗೆದೆವು. ಕಣ್ಣಿಗೆ ಕಾಣುವ ತುದಿಯಿಂದ ಎರಡೂ ಕಡೆ 15 ಮಿ.ಮೀ. ಮುಂದೆ ಹೋಗಬೇಕು, ಸೀಳು ಯಾವಾಗಲೂ ಕಾಣುವುದಕ್ಕಿಂತ ಉದ್ದ. ರಿಬ್ ಮೇಲೆ ಹಾದುಹೋಗುವಲ್ಲಿ ಉಳಿ ಹಲಗೆಯನ್ನು ದಾಟಿ ರಿಬ್‌ಗೆ ಇಳಿಯಬಾರದು. ಬೆಣೆಗೂ ಹಳೆಯ ಸೌಂಡ್‌ಬೋರ್ಡಿನ ಸ್ಪ್ರೂಸ್, ಬೆಳವಣಿಗೆಯ ಗೆರೆ ಹಲಗೆಯ ಗೆರೆಯಂತೆಯೇ ನೇರ ನಿಂತಿರಬೇಕು. ಈ ಬೆಣೆಗಳು ಮೊದಲ ದಿನದಿಂದ ಡೇರೆಯೊಳಗೇ ಇದ್ದವು. ಹಲಗೆ ಏಳರಲ್ಲಿದ್ದು ಹೊರಗಿನಿಂದ ತಂದ ಬೆಣೆ ಹನ್ನೊಂದರಲ್ಲಿದ್ದರೆ ಒಣಗುವಾಗ ಬೆಣೆ ಕುಗ್ಗಿ ಸಂದು ಬಿಡುತ್ತದೆ, ಪಟ್ಟ ಶ್ರಮ ವ್ಯರ್ಥ.

ಅಂಟು ಹೈಡ್ ಗ್ಲೂ, ಪ್ರಾಣಿಯ ತೊಗಲಿನಿಂದ ಮಾಡಿ 60 ಡಿಗ್ರಿಗೆ ಕಾಯಿಸಿ ಬಳಸುವಂಥದ್ದು. ಒಣಗಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಒತ್ತಡದಲ್ಲಿ ಜರುಗುವುದಿಲ್ಲ, ಮುಂದೆ ಯಾರಾದರೂ ತೆಗೆಯಬೇಕೆಂದರೆ ಬಿಸಿನೀರಿಗೆ ಬಿಡುತ್ತದೆ. ಅದರಲ್ಲಿರುವ ನೀರು ಮಾತ್ರ ಸೀಳಿನ ಎರಡೂ ದಡವನ್ನು ತೋಯಿಸುತ್ತದೆ. ಬೆಣೆ ಹಾಕಿ ಮೂರು ಗಂಟೆಯ ನಂತರ ಪಕ್ಕದಲ್ಲಿ ಪಿನ್ 13 ಓದಿತು, ಮರುದಿನ 9.5, ಎರಡನೆಯ ದಿನ 8.2, ಉಷ್ಣತೆಗೆ ಕಳೆದರೆ 7.1. ಅಂಟು ಗಟ್ಟಿಯಾಯಿತೆಂದು ಮರುದಿನವೇ ಬೆಣೆಯ ತಲೆಯನ್ನು ಕೀಸಿ ಸಮ ಮಾಡಿದರೆ, ಆಗ ಸಮವಾಗಿ ಕಂಡದ್ದು ವಾರದ ಮೇಲೆ ಸಣ್ಣ ಕಾಲುವೆಯಾಗಿ ತಗ್ಗುತ್ತದೆ. ಉಬ್ಬಿದ ಮರವನ್ನು ಕೀಸಿದ್ದೇವೆ, ಅದು ಒಣಗಿ ಇಳಿಯಿತು, ಅಷ್ಟೇ. ಪಾಲಿಶ್ ಆದ ಮೇಲೆ ಆ ಗೆರೆ ಬೆಳಕಿಗೆ ಎದ್ದು ಕಾಣುತ್ತದೆ. ಡೇರೆಯನ್ನು ಹಾಗೇ ಇಟ್ಟು 48 ಗಂಟೆ ಕಾದು ಕೀಸುಳಿ ಹಿಡಿದೆವು. ಆಮೇಲೆ ಎರಡೂ ಮುಖಕ್ಕೆ ತೆಳುವಾಗಿ ಶೆಲ್ಯಾಕ್. ಅರಗಿನ ಈ ಪದರ ತೇವವನ್ನು ತಡೆದು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ.

ಹಲಗೆಯಿಂದ ಅಂಟು ಬಿಟ್ಟಿದ್ದ ಎರಡು ರಿಬ್‌ಗಳನ್ನೂ ಇದೇ ಒಣ ಸ್ಥಿತಿಯಲ್ಲಿ ಅಂಟಿಸಿದ್ದಾಯಿತು. ಡೇರೆ ಬಿಚ್ಚಿ ಎಂಟು ದಿನದಲ್ಲಿ ಹಲಗೆ ಮತ್ತೆ 8.6ಕ್ಕೆ ಬಂತು. ಹಿಂಬದಿಯಲ್ಲಿ ಉದ್ದದ ರಿಬ್‌ನ ತುದಿಯಿಂದ ತುದಿಗೆ ದಾರ ಬಿಗಿದು ನಡುವಿನ ಸಂದು ಅಳೆದರೆ ಉಬ್ಬು ಎಷ್ಟೆಂದು ತಿಳಿಯುತ್ತದೆ. ರಿಪೇರಿಗೆ ಮುಂಚೆ ಇದೇ ತೇವದಲ್ಲಿ 0.8 ಮಿ.ಮೀ. ಇದ್ದದ್ದು ಈಗ 1.6. ಎರಡು ಅಳತೆಯನ್ನು ಹೋಲಿಸಬೇಕಾದರೆ ತೇವ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಪ್ಲೇಟ್ ಕೂರಿಸಿ, ತಂತಿ ಬ್ರಿಡ್ಜ್ ಮೇಲೆ ಎಷ್ಟು ಒತ್ತಬೇಕೆಂದು ಹೊಂದಿಸುವುದೂ ಈ ಹಂತದಲ್ಲೇ. ಹಲಗೆ ಡೇರೆಯ ಒಣ ಸ್ಥಿತಿಯಲ್ಲಿದ್ದಾಗ ಅದನ್ನು ಹೊಂದಿಸಿದರೆ ಮಳೆಗಾಲದಲ್ಲಿ ಉಬ್ಬು ಏರಿ ಒತ್ತಡ ಅತಿಯಾಗುತ್ತದೆ, ನಾದ ಬಿಗಿದುಕೊಳ್ಳುತ್ತದೆ.

ವಾದ್ಯ ಮನೆಗೆ ಹೋಗುವಾಗ ಒಳಗೆ, ಪಿಯಾನೊದ ಮುಂಬದಿಯ ಕೆಳಗಿನ ಮುಚ್ಚುಹಲಗೆಯ ಹಿಂದೆ, 25 ವ್ಯಾಟಿನ ಎರಡು ಹೀಟರ್ ಕಡ್ಡಿ ಕೂರಿಸಿದೆವು. ಆರ್ದ್ರತೆ 60 ದಾಟಿದಾಗ ಮಾತ್ರ ಹೊತ್ತಿಕೊಳ್ಳುವಂತೆ ಸ್ವಿಚ್. 60ರಲ್ಲಿ ಹಿಡಿದರೆ ಮರ 10.8ಕ್ಕಿಂತ ಏರುವುದಿಲ್ಲ. ಏಳರಿಂದ 10.8ಕ್ಕೆ 3.8 ಅಂಕ, ಅಗಲದಲ್ಲಿ ಶೇ. 0.56. ಜಜ್ಜುವ ಮಿತಿಗಿಂತ ಎಷ್ಟೋ ಕೆಳಗೆ. ಕಡ್ಡಿಯನ್ನು ವರ್ಷವಿಡೀ ಉರಿಸುವ ಮನೆಗಳಿವೆ, ಬೇಸಗೆಯಲ್ಲಿ ಅದು ಸೀಳನ್ನು ತಾನೇ ತೆರೆಯುತ್ತದೆ. ಸ್ವಿಚ್ ಇಲ್ಲದ ಕಡ್ಡಿಯನ್ನು ನಾವು ಹಾಕಿಕೊಡುವುದಿಲ್ಲ.

ತೂಕದ ಆ ತುಂಡೂ ಪಿಯಾನೊದ ಜೊತೆಗೇ ಹೋಯಿತು. ಬೆನ್ನಿನ ಕಂಬಕ್ಕೆ ಹೊಡೆದ ಮೊಳೆಯೊಂದಕ್ಕೆ ದಾರದಲ್ಲಿ ನೇತಾಡುತ್ತಿದೆ, ಅದರ ಮೇಲೆ ಪೆನ್ಸಿಲಿನಲ್ಲಿ ಒಣ ತೂಕ 18.19, ಟೇಪ್ ಮತ್ತು ವಾರ್ನಿಶ್‌ನ ತೂಕ ಪಕ್ಕದಲ್ಲೇ. ಕಂಬದ ಮೇಲೆ ಇನ್ನೊಂದು ಸಾಲು: ಬೆಣೆ ಹಾಕಿದ್ದು 7.0ರಲ್ಲಿ, ಗಾಳಿ 37, ಉಷ್ಣತೆ 32, ಉಬ್ಬು 8.6ರಲ್ಲಿ 1.6. ಆಗಸ್ಟಿನಲ್ಲಿ ಶ್ರುತಿ ಮಾಡಲು ಹೋದಾಗ ತುಂಡನ್ನು ಬಿಚ್ಚಿ ತೂಗಿದೆವು. ಟೇಪು, ವಾರ್ನಿಶ್ ಕಳೆದು 20.12 ಗ್ರಾಂ, ಶೇ. 10.6. ಕಂಬದ ಮೇಲೆ ಅದನ್ನೂ ಬರೆದು, ತುಂಡನ್ನು ಮೊಳೆಗೆ ಕಟ್ಟಿ ಬಂದೆವು.